ಒಂಬತ್ತು ಮಕ್ಕಳು, ಮೂರು ದಿನ, ಒಂದು ಟಿವಿ: ರಜೆಯ ಸಿನಿಮಾ ಸಾಲಿಗೆ ತಯಾರಿ

ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ವಿಷು ಕಳೆದ ಮೇಲೆ ಅಕ್ಕತಂಗಿಯರ ಮಕ್ಕಳೆಲ್ಲ ಸೇರಿ ಒಂಬತ್ತು ಮಂದಿ ಆಗುತ್ತಾರೆ, ಆರು ವರ್ಷದಿಂದ ಹದಿನೈದರವರೆಗೆ. ಬೆಂಗಳೂರಿನವರಿಗೆ ಮಲಯಾಳ ತಿಳಿಯದು. ಇಲ್ಲೇ ಇಂಗ್ಲಿಷ್ ಮೀಡಿಯಂಗೆ ಹೋಗುವ ಇಬ್ಬರಿಗೆ ಕನ್ನಡ ಮಾತು ಬರುತ್ತದೆ, ಓದಲು ಬಾರದು. ಮೂರು ದಿನ ಒಂದೇ ವಿಷಯ ಹಿಡಿದು ಸಿನಿಮಾ ತೋರಿಸಬೇಕು ಅಂತ ಇದೆ. ಕಳೆದ ವರ್ಷ ದಿನಕ್ಕೆ ನಾಲ್ಕು ಹಾಕಿ, ಎರಡನೆಯದರ ಅರ್ಧಕ್ಕೇ ಎಲ್ಲರೂ ಎದ್ದು ಹೋದರು. 43 ಇಂಚಿನ ಟಿವಿ ಇದೆ, ಇನ್ವರ್ಟರ್ ಇದೆ. ಪ್ರೊಜೆಕ್ಟರ್ ಬಾಡಿಗೆಗೆ ತರಬೇಕೇ? ಇದನ್ನೇ ಒಂದು ದಿನ ಊರಿನ ವಾಚನಾಲಯದಲ್ಲೂ ಹಾಕಬಹುದೇ?

ಉತ್ತರ: ಸಿನಿಮಾ ಯಾವುದು ಎನ್ನುವುದನ್ನು ಸ್ವಲ್ಪ ಬದಿಗಿಡಿ, ಮೊದಲು ಹೊತ್ತು ಗೊತ್ತು ಮಾಡಿಕೊಳ್ಳಿ. ಕಾಸರಗೋಡಿನಲ್ಲಿ ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ ಮಧ್ಯಾಹ್ನ ಕಳೆದರೆ ಆಕಾಶವನ್ನು ನಂಬುವಂತಿಲ್ಲ. ಬೇಸಿಗೆ ಮಳೆಯ ಗುಡುಗು ಸಿಡಿಲು ಹೆಚ್ಚಾಗಿ ಮಧ್ಯಾಹ್ನ 2ರಿಂದ ರಾತ್ರಿ 10ರ ನಡುವೆ. ಊಟ ಮುಗಿಸಿ ಎರಡೂವರೆಗೆ ಸಿನಿಮಾ ಶುರು ಮಾಡಿದಿರೋ, ನಾಲ್ಕಕ್ಕೆ ಪ್ಲಗ್ ಕೀಳುವ ಕೆಲಸ ಕಾದಿರುತ್ತದೆ. ಹಾಗಾಗಿ ದಿನದ ಮುಖ್ಯ ಸಿನಿಮಾ ಬೆಳಿಗ್ಗೆ 9ಕ್ಕೆ, ತಿಂಡಿ ಆದ ಕೂಡಲೇ. ಅದರ ಬೆನ್ನಿಗೆ ಒಂದು ಚಿಕ್ಕದು. ಊಟದ ನಂತರ ಏನೂ ಬೇಡ. ಆ ಹೊತ್ತಿಗೆ ದೊಡ್ಡವರೇ ತೂಕಡಿಸುತ್ತಾರೆ, ಮಕ್ಕಳು ಮಾವಿನ ಮರದ ಬುಡದಲ್ಲಿರಲಿ. ಏಳೂವರೆಗೆ ಆಕಾಶ ತಿಳಿಯಾಗಿದ್ದರೆ ಮಾತ್ರ ಇನ್ನೊಂದು. ಒಟ್ಟು ದಿನಕ್ಕೆ ಎರಡೂವರೆ ಸಿನಿಮಾ, ಮೂರು ದಿನಕ್ಕೆ ಏಳು. ಕಳೆದ ವರ್ಷ ಮಕ್ಕಳು ಎದ್ದು ಹೋದದ್ದಕ್ಕೆ ಸಿನಿಮಾಗಳನ್ನು ದೂರಬೇಕಿಲ್ಲ. ಆರು ವರ್ಷದ ಮಗು ಒಂದೂವರೆ ಗಂಟೆಯ ಮೇಲೆ ಒಂದೇ ಕಡೆ ಕೂರುವುದು ಅಪರೂಪ. ಅದು ಎದ್ದರೆ ಎಂಟು ವರ್ಷದ್ದೂ ಏಳುತ್ತದೆ, ಆಮೇಲೆ ಹದಿನೈದರವರಿಗೆ ಮೊಬೈಲ್ ನೆನಪಾಗುತ್ತದೆ.

ತಾರೀಕು ಹಿಡಿಯುವಾಗಲೂ ಸ್ವಲ್ಪ ಲೆಕ್ಕ ಬೇಕು. ಇಲ್ಲಿನ ಶಾಲೆಗಳಿಗೆ ಮಾರ್ಚ್ ಕೊನೆಗೇ ರಜೆ, ಕರ್ನಾಟಕದಲ್ಲಿ ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ. ಎರಡೂ ಕಡೆಯವರು ಒಟ್ಟಿಗೆ ಸಿಗುವುದು ವಿಷುವಿನಿಂದ ಮೇ ನಡುವಿನವರೆಗೆ. ಅದೇ ಸಮಯದಲ್ಲಿ ಭೂತಕೋಲ, ಯಕ್ಷಗಾನದ ಆಟ, ಮದುವೆಗಳೂ ಇರುತ್ತವೆ. ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಯ ವಾರದ ಹೊತ್ತಿನವರೆಗೆ, ಯಕ್ಷಗಾನ ಮೇಳಗಳು ತಿರುಗಾಟದಲ್ಲೇ ಇರುತ್ತವೆ. ಹತ್ತಿರದ ಬಯಲಲ್ಲಿ ಆಟ ಇರುವ ರಾತ್ರಿ ನಿಮ್ಮ ಪರದೆಯ ಮುಂದೆ ಯಾರೂ ಕೂರುವುದಿಲ್ಲ, ಕೂರಲೂಬಾರದು.

ಇನ್ನು ವಿಷಯ. ‘ರಜೆ’ ಎಂದಷ್ಟೇ ಇಟ್ಟುಕೊಂಡರೆ ಅದು ತೀರ ಅಗಲ, ಯಾವ ಸಿನಿಮಾವನ್ನೂ ಅದರೊಳಗೆ ತುರುಕಬಹುದು. ಮಕ್ಕಳಿಗೆ ಒಂದಕ್ಕೊಂದು ಕೊಂಡಿ ಕಾಣುವುದಿಲ್ಲ. ಆರು ವರ್ಷದವರಿಗೂ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುವಂಥ ವಿಷಯ ಬೇಕು. ನಮ್ಮ ಸಲಹೆ: ‘ಒಂದು ಮಗುವಿಗೆ ಒಂದು ವಸ್ತು ಬೇಕು’. ರಜೆಯಲ್ಲಿ ಮಕ್ಕಳು ಮಾಡುವುದೂ ಅದನ್ನೇ ಅಲ್ಲವೇ, ಏನಾದರೊಂದು ಬೇಕೆಂದು ಹಟ ಹಿಡಿಯುವುದು. ಇನ್ನೊಂದು ಲಾಭವಿದೆ. ಬೇಕಾದ ವಸ್ತು ಕಣ್ಣಿಗೆ ಕಾಣುವುದರಿಂದ ಭಾಷೆ ಅರ್ಧ ತಿಳಿದರೂ ಕತೆ ಪೂರ್ತಿ ತಿಳಿಯುತ್ತದೆ. ನಿಮ್ಮಲ್ಲಿ ಸೇರುವ ಮಕ್ಕಳಿಗೆ ಇದು ಮುಖ್ಯ.

ಮೊದಲ ದಿನ ಬೆಳಿಗ್ಗೆ ಮಜೀದ್ ಮಜೀದಿಯವರ ‘ಚಿಲ್ಡ್ರನ್ ಆಫ್ ಹೆವನ್’ (1997). ಇರಾನಿನ ಚಿತ್ರ, 89 ನಿಮಿಷ. ರಿಪೇರಿಗೆ ಕೊಟ್ಟಿದ್ದ ತಂಗಿಯ ಶೂ ಅಣ್ಣನ ಕೈಯಿಂದ ಕಳೆದುಹೋಗುತ್ತದೆ, ಇಬ್ಬರೂ ಒಂದೇ ಜೋಡಿಯನ್ನು ಹಂಚಿಕೊಂಡು ಶಾಲೆಗೆ ಓಡುತ್ತಾರೆ. ಪಾರಸಿ ಮಾತು ಯಾರಿಗೂ ಬಾರದು, ಎಲ್ಲರೂ ಸಮಾನ. ಮೊದಲ ಚಿತ್ರಕ್ಕೆ ಇದು ಒಳ್ಳೆಯದೇ: ಬೆಂಗಳೂರಿನವರು, ಇಲ್ಲಿಯವರು ಎಂಬ ಮೇಲುಕೀಳು ಬರುವುದಿಲ್ಲ. ಕೊನೆಯಲ್ಲಿ ಓಟದ ಸ್ಪರ್ಧೆ ಇದೆ, ಮುಗಿದ ಕೂಡಲೇ ಮಕ್ಕಳಿಗೆ ಓಡಬೇಕು ಅನಿಸುತ್ತದೆ. ತಡೆಯಬೇಡಿ, ಅರ್ಧ ಗಂಟೆ ಹೊರಗೆ ಬಿಡಿ. ಹನ್ನೊಂದಕ್ಕೆ ಕರೆದು ‘ದಿ ರೆಡ್ ಬಲೂನ್’ (1956) ಹಾಕಿ. ಅಲ್ಬೇರ್ ಲಮೊರಿಸ್ ಅವರ 34 ನಿಮಿಷದ ಫ್ರೆಂಚ್ ಚಿತ್ರ, ಮಾತು ಇಲ್ಲವೆನ್ನುವಷ್ಟು ಕಡಿಮೆ. ಕೊನೆಯ ಹತ್ತಿರ ಪುಂಡ ಹುಡುಗರು ಬಲೂನಿಗೆ ಕಲ್ಲು ಹೊಡೆಯುವಾಗ ಚಿಕ್ಕವರು ಅಳಬಹುದು. ಗಾಬರಿಯಾಗಿ ಅಲ್ಲಿ ನಿಲ್ಲಿಸಿದಿರೋ, ಅವರ ಮನಸ್ಸಿನಲ್ಲಿ ಉಳಿಯುವುದು ಅದೇ ದೃಶ್ಯ. ಇನ್ನು ಕೆಲವು ನಿಮಿಷ ಮುಂದೆ ಹೋಗಲಿ, ಊರಿನ ಬಲೂನುಗಳೆಲ್ಲ ಬಂದು ಹುಡುಗನನ್ನು ಮೇಲಕ್ಕೆತ್ತಿಕೊಂಡು ಹೋಗುತ್ತವೆ.

ರಾತ್ರಿಗೆ ‘ಬೆಟ್ಟದ ಹೂವು’ (1985). ಎನ್. ಲಕ್ಷ್ಮೀನಾರಾಯಣ್ ನಿರ್ದೇಶನ, ಬಾಲಕ ಪುನೀತ್ ರಾಜ್‌ಕುಮಾರ್‌ಗೆ ರಾಷ್ಟ್ರಪ್ರಶಸ್ತಿ ತಂದ ಚಿತ್ರ. ಇಲ್ಲಿ ಹುಡುಗನಿಗೆ ಬೇಕಾದದ್ದು ಒಂದು ಪುಸ್ತಕ, ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’. ನಡೆ ನಿಧಾನ. ಚಿಕ್ಕವರು ಮಧ್ಯೆ ಮಲಗಿದರೆ ಮಲಗಲಿ ಎಂದೇ ಇದನ್ನು ರಾತ್ರಿಗೆ ಇಟ್ಟದ್ದು.

ಎರಡನೆಯ ದಿನ ಬೆಳಿಗ್ಗೆ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ (2018). ರಿಷಬ್ ಶೆಟ್ಟಿ ನಿರ್ದೇಶನ, ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದದ್ದು. ಇದರ ಮಕ್ಕಳಿಗೆ ಬೇಕಾದದ್ದು ತಮ್ಮ ಶಾಲೆಯೇ. ಸುಮಾರು ಎರಡೂವರೆ ಗಂಟೆ ಇರುವುದರಿಂದ ಅಂದು ಚಿಕ್ಕ ಚಿತ್ರ ಬೇಡ. ಮಧ್ಯಂತರದಲ್ಲಿ ಇಪ್ಪತ್ತು ನಿಮಿಷ ಬಿಡಿ. ನಿಮ್ಮ ಊರಿನ ಮಾತು ತೆರೆಯ ಮೇಲೆ ಬರುವಾಗ ಬೆಂಗಳೂರಿನವರು ‘ಹಾಗೆಂದರೇನು?’ ಎಂದು ಕೇಳುತ್ತಾರೆ, ಇಲ್ಲಿಯವರು ಆ ದಿನ ಮೇಷ್ಟ್ರಾಗುತ್ತಾರೆ. ಸಂಜೆಗೆ ಮಿಯಾಝಾಕಿಯವರ ‘ಮೈ ನೈಬರ್ ಟೊಟೊರೊ’ (1988), 86 ನಿಮಿಷದ ಜಪಾನಿ ಅನಿಮೇಷನ್. ಅಮ್ಮ ಆಸ್ಪತ್ರೆಯಿಂದ ಮನೆಗೆ ಬರಬೇಕೆಂಬುದು ಇಬ್ಬರು ಅಕ್ಕತಂಗಿಯರ ಆಸೆ. ಮನೆಯಲ್ಲಿ ಯಾರಾದರೂ ದೀರ್ಘ ಕಾಯಿಲೆಯಲ್ಲಿದ್ದರೆ ಮೊದಲು ದೊಡ್ಡವರು ನೋಡಿ ತೀರ್ಮಾನಿಸಿ.

ಮೂರನೆಯ ದಿನಕ್ಕೆ ಮೂರು ಹೆಸರು ಹೇಳಿ ಮಕ್ಕಳಿಂದಲೇ ಓಟು ಹಾಕಿಸಿ: ನೀಲಿ ಕೊಡೆಯ ಸುತ್ತ ಸುತ್ತುವ ವಿಶಾಲ್ ಭಾರದ್ವಾಜರ ಹಿಂದಿ ಚಿತ್ರ ‘ದಿ ಬ್ಲೂ ಅಂಬ್ರೆಲಾ’, ನಗರದಲ್ಲಿ ಗುಬ್ಬಚ್ಚಿ ಹುಡುಕಿ ಹೊರಡುವ ಮಕ್ಕಳ ಕನ್ನಡ ಚಿತ್ರ ‘ಗುಬ್ಬಚ್ಚಿಗಳು’ (ಅಭಯ ಸಿಂಹ, 2008), ಪಿಜ್ಜಾ ತಿನ್ನಲು ಹಂಬಲಿಸುವ ಇಬ್ಬರು ಹುಡುಗರ ತಮಿಳು ಚಿತ್ರ ‘ಕಾಕ ಮುಟ್ಟೈ’ (ಮಣಿಕಂಡನ್). ಕೊನೆಯದು ಹತ್ತು ವರ್ಷ ದಾಟಿದವರಿಗೆ ಹೆಚ್ಚು ಹಿಡಿಸುತ್ತದೆ. ಗೆದ್ದದ್ದು ಬೆಳಿಗ್ಗೆ, ಎರಡನೆಯದು ರಾತ್ರಿ. ಓಟನ್ನು ಹಿಂದಿನ ರಾತ್ರಿಯೇ ಹಾಕಿಸಿ, ಬೆಳಿಗ್ಗೆ ಹಾಕಿಸಿದರೆ ಜಗಳದಲ್ಲೇ ಹತ್ತು ಗಂಟೆ ಆಗುತ್ತದೆ. ಬೇರೆ ಚಿತ್ರ ಸೇರಿಸುವುದಿದ್ದರೆ ಸೆನ್ಸಾರ್ ಪ್ರಮಾಣಪತ್ರದಲ್ಲಿ ಯು ಅಥವಾ ಯುಎ 7+ ಎಂದಿರುವುದನ್ನೇ ಆರಿಸಿ. ಹದಿನೈದರವರು ಯುಎ 16+ ಕೇಳಿದರೆ ಅದು ಬೇರೆ ದಿನ.

ಸಬ್‌ಟೈಟಲ್ ವಿಚಾರದಲ್ಲಿ ಆಸೆ ಇಟ್ಟುಕೊಳ್ಳಬೇಡಿ. ಈ ವಿದೇಶಿ ಚಿತ್ರಗಳಿಗೆ ಸಿಗುವುದು ಹೆಚ್ಚಾಗಿ ಇಂಗ್ಲಿಷಿನದೇ. ಎಂಟು ವರ್ಷದೊಳಗಿನವರು ಆ ವೇಗಕ್ಕೆ ಓದಲಾರರು. ಹದಿಮೂರು ದಾಟಿದ ಒಬ್ಬರು ಚಿಕ್ಕವರ ನಡುವೆ ಕುಳಿತು ಹೇಳಲಿ. ಪ್ರತಿ ಮಾತನ್ನೂ ಅನುವಾದಿಸಲು ಹೊರಟರೆ ಯಾರಿಗೂ ಏನೂ ಕೇಳಿಸದು. ದೃಶ್ಯಕ್ಕೊಂದು ವಾಕ್ಯ ಸಾಕು: ‘ಶೂ ಕಳೆದದ್ದು ಅಪ್ಪನಿಗೆ ಹೇಳಬೇಡ ಅಂತಿದ್ದಾನೆ.’ ಶುರುವಿಗೆ ಮೊದಲು ಎರಡು ನಿಮಿಷ ನಿಂತು ಯಾರು ಯಾರು, ಯಾರಿಗೆ ಏನು ಬೇಕು ಎಂದಷ್ಟೇ ತಿಳಿಸಿ. ಹೇಳುವ ಕೆಲಸ ದಿನಕ್ಕೊಬ್ಬರಿಗೆ ಬದಲಾಗಲಿ. ರಿಮೋಟ್ ಮಾತ್ರ ಮೂರು ದಿನವೂ ಒಬ್ಬರ ಕೈಯಲ್ಲೇ ಇರಲಿ, ಹದಿನೈದರವರಿಗೆ ಕೊಟ್ಟರೆ ಅವರೂ ಎದ್ದು ಹೋಗುವುದಿಲ್ಲ.

ಈಗ ಟಿವಿಯೋ ಪ್ರೊಜೆಕ್ಟರೋ ಎಂಬ ಪ್ರಶ್ನೆ. ಮುಖ್ಯ ಪ್ರದರ್ಶನ ಬೆಳಿಗ್ಗೆ ಅಂದ ಮೇಲೆ ಟಿವಿಯೇ. ಜಗಲಿ, ಬೆಳಕಿಂಡಿ, ಮಾಡಿನ ಗಾಜಿನ ಹಂಚು ಇರುವ ಮನೆಯ ಚಾವಡಿಯನ್ನು ಹಗಲಲ್ಲಿ ಕತ್ತಲು ಮಾಡಲು ಸಾಧ್ಯವಿಲ್ಲ. 3000 ಲ್ಯೂಮೆನ್ನಿನ (ಲ್ಯೂಮೆನ್ ಎಂದರೆ ಬೆಳಕಿನ ಅಳತೆ) ಪ್ರೊಜೆಕ್ಟರ್ ತಂದರೂ ಚಿತ್ರ ತೊಳೆದ ಹಾಗೆ ಕಾಣುತ್ತದೆ. 43 ಇಂಚಿನ ಟಿವಿಯ ಅಗಲ ಸುಮಾರು 95 ಸೆಂಟಿಮೀಟರ್. ಒಂದೂವರೆ ಮೀಟರಿನಿಂದ ಮೂರು ಮೀಟರಿನೊಳಗೆ ಒಂಬತ್ತು ಮಂದಿಯೂ ಹಿಡಿಯುತ್ತಾರೆ: ಮುಂದೆ ಚಾಪೆಯಲ್ಲಿ ನಾಲ್ವರು ಚಿಕ್ಕವರು, ಹಿಂದೆ ಬೆಂಚಿನಲ್ಲಿ ಮೂವರು, ಅದರ ಹಿಂದೆ ಎರಡು ಕುರ್ಚಿ. ಟಿವಿಯ ನಡುಭಾಗ ಬೆಂಚಿನಲ್ಲಿ ಕೂತವರ ಕಣ್ಣಿನ ಮಟ್ಟದಲ್ಲಿರಲಿ. ಗೋಡೆಯ ಮೇಲೆ ಎತ್ತರದಲ್ಲಿ ತೂಗುಹಾಕಿದ್ದರೆ ಮೂರು ದಿನಕ್ಕಾದರೂ ಇಳಿಸಿ ಮೇಜಿನ ಮೇಲಿಡುವುದು ವಾಸಿ, ಚಾಪೆಯವರ ಕುತ್ತಿಗೆ ನೋಯುವುದಿಲ್ಲ. ಕಿಟಕಿಗೆ ಎದುರಾಗಿ ಟಿವಿ ಇಡಬೇಡಿ, ಕಪ್ಪು ದೃಶ್ಯ ಬಂದಾಗಲೆಲ್ಲ ಅಂಗಳವೇ ಕಾಣುತ್ತದೆ.

ರಾತ್ರಿಯ ಮೂರು ಪ್ರದರ್ಶನಕ್ಕೆ ಪ್ರೊಜೆಕ್ಟರ್ ತಂದರೆ ಸಂಭ್ರಮ ಇದ್ದೇ ಇದೆ. ಬಾಡಿಗೆ ಅಂಗಡಿಯಲ್ಲಿ ಕೇಳಬೇಕಾದದ್ದು ‘ಆನ್ಸಿ ಲ್ಯೂಮೆನ್ ಎಷ್ಟು?’ ಎಂದು, ಅದು ಬೆಳಕನ್ನು ನಿಗದಿತ ಕ್ರಮದಲ್ಲಿ ಅಳೆದ ಲೆಕ್ಕ. ಪೆಟ್ಟಿಗೆಯ ಮೇಲೆ ಬರೀ ‘5000 ಲ್ಯೂಮೆನ್’ ಎಂದು ಬರೆದ ಅಗ್ಗದ ಪುಟ್ಟ ಪ್ರೊಜೆಕ್ಟರುಗಳು ಆನ್ಸಿ ಲೆಕ್ಕದಲ್ಲಿ ಕೆಲವು ನೂರನ್ನೂ ಮುಟ್ಟದಿರಬಹುದು. ಅಂಥವು ಪೂರ್ತಿ ಕತ್ತಲಲ್ಲಿ 60 ಇಂಚಿಗೆ ಸಾಕು, ಅದರಾಚೆಗೆ ಬೇಡ. ಎರಡನೆಯ ಪ್ರಶ್ನೆ ಥ್ರೋ ಅನುಪಾತ. ಚಿತ್ರದ ಅಗಲವನ್ನು ಅದರಿಂದ ಗುಣಿಸಿದರೆ ಪ್ರೊಜೆಕ್ಟರ್ ಎಷ್ಟು ದೂರ ಇಡಬೇಕೆಂದು ಸಿಗುತ್ತದೆ. 2 ಮೀಟರ್ ಅಗಲಕ್ಕೆ, ಅನುಪಾತ 1.4 ಆದರೆ, 2.8 ಮೀಟರ್. ಚಾವಡಿ ಅಷ್ಟು ಉದ್ದ ಇದೆಯೇ ಎಂದು ಅಳೆದುಕೊಂಡೇ ಅಂಗಡಿಗೆ ಹೋಗಿ.

ಪರದೆ ಕೊಳ್ಳುವ ಅಗತ್ಯವಿಲ್ಲ. ಕಸೂತಿ ಇಲ್ಲದ, ಸಪೂರ ಕರೆಯ ಬಿಳಿ ಡಬ್ಬಲ್ ಪಂಚೆ ಒಂದು ಸಾಕು. ಅದರ ಅಗಲ ಸುಮಾರು 1.27 ಮೀಟರ್, ಉದ್ದ 4 ಮೀಟರಿನ ಹತ್ತಿರ. ಉದ್ದಕ್ಕೆ ಎರಡು ಮಡಿಕೆ ಹಾಕಿದರೆ 2 ಮೀಟರ್ ಅಗಲ, 1.27 ಎತ್ತರ, ಅದರಲ್ಲಿ 2 ಮೀಟರ್ ಅಗಲ, 1.12 ಎತ್ತರದ ಚಿತ್ರ, ಅಂದರೆ 90 ಇಂಚು, ಸರಿಯಾಗಿ ಕೂರುತ್ತದೆ. ಮಡಿಕೆ ಹಾಕುವುದು ಬೆಳಕು ಬಟ್ಟೆಯ ಹಿಂದಕ್ಕೆ ಸೋರಿಹೋಗದಿರಲು. ಗಂಜಿ ಹಾಕಿ ಇಸ್ತ್ರಿ ಮಾಡಿಸಿ, ಮೇಲಂಚನ್ನು ಹಗ್ಗಕ್ಕೆ ಪಿನ್ನು ಹಾಕಿ ಬಿಗಿಯಿರಿ, ಕೆಳಗಿನ ಅಂಚಿಗೆ ಅಡಿಕೆ ಸಲಾಕೆಯನ್ನೋ ಪೈಪನ್ನೋ ಕಟ್ಟಿ ಭಾರ ಕೊಡಿ. ಇಷ್ಟಾದರೂ ಸೀಲಿಂಗ್ ಫ್ಯಾನ್ ಹಾಕಿದರೆ ಪರದೆ ಅಲುಗುತ್ತದೆ; ಟೇಬಲ್ ಫ್ಯಾನನ್ನು ಪರದೆಯ ಪಕ್ಕದಿಂದ ಮಕ್ಕಳ ಕಡೆಗೆ ತಿರುಗಿಸಿ.

ಅಂಗಳದಲ್ಲಿ ಹಾಕುವ ಆಲೋಚನೆ ಇದ್ದರೆ ಬಿಟ್ಟುಬಿಡಿ. ಈ ತಿಂಗಳುಗಳಲ್ಲಿ ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ. ರಾತ್ರಿ ನಾಲ್ಕು ಹನಿ ಬಿದ್ದರೆ ಮನೆಯ ದೊಡ್ಡವರೆಲ್ಲ ಟಾರ್ಪಾಲು ಹಿಡಿದು ಅಡಿಕೆಯ ಕಡೆ ಓಡುತ್ತಾರೆ, ಬಾಡಿಗೆ ಪ್ರೊಜೆಕ್ಟರ್ ಮಳೆಯಲ್ಲಿ ಉಳಿಯುತ್ತದೆ. ಮಳೆ ಬಂದ ಮರು ರಾತ್ರಿ ರೆಕ್ಕೆ ಬಂದ ಗೆದ್ದಲು ಹುಳುಗಳು ಬೆಳಕಿಗೆ ಮುತ್ತಿ ಪ್ರೊಜೆಕ್ಟರಿನ ಗಾಳಿಕಿಂಡಿಯೊಳಗೂ ನುಗ್ಗುತ್ತವೆ. ಚಾವಡಿಯಲ್ಲೇ, ಬಾಗಿಲು ಹಾಕಿಕೊಂಡು, ಹೊರಗೆ ಜಗಲಿಯ ದೀಪ ಉರಿಸಿಟ್ಟು ನೋಡಿ.

ಕರೆಂಟಿನ ಲೆಕ್ಕ ಕಾಗದದ ಮೇಲೆ ಹಾಕಬೇಕು. 12 ವೋಲ್ಟಿನ 150 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ ಎಂದರೆ 1800 ವಾಟ್-ಗಂಟೆ. ಎರಡು ಮೂರು ವರ್ಷ ಹಳೆಯ ಬ್ಯಾಟರಿಯಿಂದ ಅರ್ಧ, ಅಂದರೆ 900 ಸಿಕ್ಕಿತು ಎಂದುಕೊಳ್ಳಿ. ಟಿವಿ 80 ವಾಟ್, ಎರಡು ಫ್ಯಾನ್ 140, ರೌಟರ್ ಮತ್ತು ಸ್ಪೀಕರ್ 30, ಒಟ್ಟು 250. ಮೂರೂವರೆ ಗಂಟೆ ಧಾರಾಳ. ದೀಪದ ಬಲ್ಬಿರುವ ಹಳೆಯ ಮಾದರಿಯ ಪ್ರೊಜೆಕ್ಟರ್ ಒಂದೇ 300 ವಾಟ್ ಎಳೆಯುತ್ತದೆ, ಫ್ಯಾನ್ ಸೇರಿದರೆ ಎರಡು ಗಂಟೆಯೊಳಗೆ ಇನ್ವರ್ಟರ್ ಕೂಗುತ್ತದೆ. ಎಲ್‌ಇಡಿ ಪ್ರೊಜೆಕ್ಟರ್ ಆದರೆ ಸುಮಾರು 100. ಇದಕ್ಕೆಲ್ಲ ಮೊದಲು ಟಿವಿಯ ಪ್ಲಗ್ ಇನ್ವರ್ಟರ್ ಲೈನಿನಲ್ಲಿ ಇದೆಯೇ ಎಂದು ಮೈನ್ ಸ್ವಿಚ್ ಆಫ್ ಮಾಡಿ ನೋಡಿ. ತುಂಬ ಮನೆಗಳಲ್ಲಿ ಆ ಲೈನಿಗೆ ಕೊಟ್ಟದ್ದು ದೀಪ ಮತ್ತು ಫ್ಯಾನ್ ಮಾತ್ರ. ಬಲ್ಬಿನ ಪ್ರೊಜೆಕ್ಟರಿಗೆ ಚಾಲೂ ಇರುವಾಗ ಕರೆಂಟ್ ತಪ್ಪಿದರೆ ಒಳಗಿನ ಫ್ಯಾನೂ ನಿಂತು ಬಲ್ಬಿನ ಬಿಸಿ ಹೊರಹೋಗದು. ಕೂಡಲೇ ಪುನಃ ಹಾಕಬೇಡಿ, 15-20 ನಿಮಿಷ ತಣಿಯಲಿ. ಇನ್ವರ್ಟರಿನ ಹಿಂದೆ ‘ಯುಪಿಎಸ್’ ಎಂಬ ಸ್ವಿಚ್ ಇದ್ದರೆ ಅದಕ್ಕೆ ತಿರುಗಿಸಿಡಿ. ಬದಲಾಗುವ ಹೊತ್ತು ಕಡಿಮೆಯಾಗಿ ಟಿವಿ, ರೌಟರ್ ಆಫ್ ಆಗಿ ಪುನಃ ಶುರುವಾಗುವ ಕಿರಿಕಿರಿ ತಪ್ಪುತ್ತದೆ. ಮನೆಯ ಲೈನಿನಲ್ಲೇ ತೋಟದ ಪಂಪು ಇದ್ದರೆ ನೀರು ಬಿಡುವ ಕೆಲಸ ಬೆಳಿಗ್ಗೆ 9ರೊಳಗೆ ಮುಗಿಯಲಿ. ಪಂಪು ಚಾಲೂ ಆಗುವ ಕ್ಷಣಕ್ಕೆ ವೋಲ್ಟೇಜು ಕುಸಿಯುತ್ತದೆ.

ಗುಡುಗು ಕೇಳಿದರೆ ಸ್ವಿಚ್ ಆಫ್ ಮಾಡಿದರಷ್ಟೇ ಸಾಲದು. ಟಿವಿ, ಸ್ಪೀಕರ್, ರೌಟರ್‌ಗಳ ಪ್ಲಗ್ ಕಿತ್ತಿಡಿ, ಡಿಶ್ಶಿನ ವಯರನ್ನೂ ಬಿಚ್ಚಿ. ಇನ್ವರ್ಟರ್ ಲೈನಿನ ಪ್ಲಗ್ಗಿಗೂ ಇದೇ ಮಾತು. ಸಿಡಿಲಿನ ಹೊಡೆತ ಆ ವಯರಿನಲ್ಲೂ ಬರುತ್ತದೆ. ಸಿಡಿಲು ಹತ್ತಿರ ಬಂದ ಮೇಲೆ ಪ್ಲಗ್ ಮುಟ್ಟಲು ಹೋಗಬೇಡಿ, ದೂರದ ಗುಡುಗಿಗೇ ಕಿತ್ತಿಡಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಪುನಃ ಹಾಕಬೇಡಿ. ಮಕ್ಕಳು ಗೋಗರೆಯುತ್ತಾರೆ. ಮಣಿಯಬೇಡಿ.

ಸಿನಿಮಾ ಎಲ್ಲಿಂದ ಬರುತ್ತದೆ ಎನ್ನುವಲ್ಲಿ ಕೊನೆ ಗಳಿಗೆಯ ಎಡವಟ್ಟು ಹೆಚ್ಚು. ಓಟಿಟಿಯಲ್ಲಿ ಇಂದು ಇದ್ದದ್ದು ಮುಂದಿನ ತಿಂಗಳು ಇಲ್ಲದಿರಬಹುದು, ಒಂದು ವಾರ ಮೊದಲು ಏಳನ್ನೂ ಹುಡುಕಿ ನೋಡಿ, ಒಂದೆರಡು ಹೆಚ್ಚುವರಿ ಇಟ್ಟುಕೊಳ್ಳಿ. ಎಚ್‌ಡಿಯಲ್ಲಿ ನೋಡಿದರೆ ಗಂಟೆಗೆ 3 ಜಿಬಿವರೆಗೂ ಹೋಗುತ್ತದೆ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಅರ್ಧ ಸಿನಿಮಾಕ್ಕೇ ಡೇಟಾ ಮುಗಿಯುತ್ತದೆ. ಫೋನಿನಲ್ಲಿ ಡೌನ್‌ಲೋಡ್ ಮಾಡಿ ಟಿವಿಗೆ ತೋರಿಸುತ್ತೇವೆ ಎಂದುಕೊಂಡಿದ್ದರೆ ಮೊದಲೇ ಪರೀಕ್ಷಿಸಿ. ಹಲವು ಆ್ಯಪ್‌ಗಳು ನಕಲು ತಡೆಯಲೆಂದು ಇದನ್ನು ಬಿಡುವುದಿಲ್ಲ: ಧ್ವನಿ ಬರುತ್ತದೆ, ಚಿತ್ರ ಕಪ್ಪು. ಬಾಡಿಗೆ ಪ್ರೊಜೆಕ್ಟರಿನಲ್ಲೂ ಹೀಗಾಗಬಹುದು, ಹಾಗಾಗಿ ಅಂಗಡಿಯಲ್ಲೇ ನಿಮ್ಮ ಲ್ಯಾಪ್‌ಟಾಪ್ ಮತ್ತು ಎಚ್‌ಡಿಎಂಐ ವಯರ್ ಜೋಡಿಸಿ ಅದೇ ಆ್ಯಪ್ ಓಡಿಸಿ ನೋಡಿ. ಹಣ ಕೊಟ್ಟು ಪಡೆದ ಫೈಲನ್ನು ಪೆನ್‌ಡ್ರೈವಿಗೆ ಹಾಕುವಾಗ 4 ಜಿಬಿ ದಾಟಿದ್ದು ಕೂರಲಿಲ್ಲವೆಂದರೆ ಪೆನ್‌ಡ್ರೈವ್ ಫ್ಯಾಟ್32ನಲ್ಲಿದೆ ಎಂದರ್ಥ, ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಟಿವಿ ಅದನ್ನು ಓದುತ್ತದೆಯೇ ಎಂದೂ ನೋಡಬೇಕು. ಸಬ್‌ಟೈಟಲ್ ಫೈಲಿಗೂ ಸಿನಿಮಾದ ಫೈಲಿಗೂ ಒಂದೇ ಹೆಸರಿರಲಿ. ಕನ್ನಡ ಸಬ್‌ಟೈಟಲ್ ಸಿಕ್ಕಿ, ಅಕ್ಷರದ ಬದಲು ಚೌಕಗಳು ಬಂದರೆ ಟಿವಿಯಲ್ಲಿ ಕನ್ನಡ ಫಾಂಟ್ ಇಲ್ಲ. ಆಗ ಲ್ಯಾಪ್‌ಟಾಪೇ ಗತಿ.

ಸ್ಪೀಕರನ್ನು ಬ್ಲೂಟೂತಿಗಿಂತ ವಯರಿನಲ್ಲಿ ಜೋಡಿಸಿ, ಇಲ್ಲದಿದ್ದರೆ ತುಟಿ ಆಡಿದ ಮೇಲೆ ಮಾತು ಕೇಳಿಸುವುದುಂಟು. ಅದನ್ನು ಪರದೆಯ ಹತ್ತಿರವೇ ಇಡಿ.

ತಿನ್ನುವುದಕ್ಕೆ ನಿಮಗೆ ನಾವು ಹೇಳಿಕೊಡಬೇಕಿಲ್ಲ. ಹಲಸಿನ ಹಪ್ಪಳ, ಸೋಂಟೆ ಮಧ್ಯಂತರಕ್ಕೆ ಮಾತ್ರ ಇಟ್ಟುಕೊಳ್ಳಿ: ಒಂಬತ್ತು ಬಾಯಿ ಒಟ್ಟಿಗೆ ಅಗಿದರೆ ಸಂಭಾಷಣೆ ಕೇಳಿಸದು, ಉಪ್ಪು ತಿಂದವರು ನೀರು ಕುಡಿದು ಹತ್ತು ನಿಮಿಷಕ್ಕೊಬ್ಬರಂತೆ ಏಳುತ್ತಾರೆ. ಸಿನಿಮಾ ನಡೆಯುವಾಗ ಹಣ್ಣಿನ ಹೋಳು ಸಾಕು.

ವಾಚನಾಲಯದ ವಿಚಾರ ಬೇರೆ. ಓಟಿಟಿಯ ಚಂದಾ ಮನೆಯವರ ಬಳಕೆಗಷ್ಟೇ, ಟಿಕೆಟ್ ಇಡದೆ ತೋರಿಸಿದರೂ ಸಾರ್ವಜನಿಕ ಪ್ರದರ್ಶನಕ್ಕೆ ಅದು ಸಲ್ಲುವುದಿಲ್ಲ. ಹಕ್ಕು ಇರುವವರಿಂದ, ಅಂದರೆ ಹೆಚ್ಚಾಗಿ ನಿರ್ಮಾಪಕರಿಂದ, ದಿನಾಂಕ ಮತ್ತು ಸ್ಥಳ ನಮೂದಿಸಿದ ಅನುಮತಿ ಪತ್ರ ಬೇಕು. ಹಿಂದಿನ ಚಿಲ್ಡ್ರನ್ಸ್ ಫಿಲ್ಮ್ ಸೊಸೈಟಿ 2022ರಲ್ಲಿ ಕೇಂದ್ರದ ಚಲನಚಿತ್ರ ಅಭಿವೃದ್ಧಿ ನಿಗಮವಾದ ಎನ್‌ಎಫ್‌ಡಿಸಿಯೊಳಗೆ ಸೇರಿಹೋಗಿದೆ, ಅದರ ಮಕ್ಕಳ ಚಿತ್ರಗಳಿಗೆ ಅಲ್ಲಿಗೆ ಬರೆಯಬೇಕು. ನಮ್ಮ ಕಾನೂನಿನಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಾದ ವರ್ಷದ ಮರುವರ್ಷದಿಂದ 60 ವರ್ಷ. ಆ ಲೆಕ್ಕಕ್ಕೆ ಚಾಪ್ಲಿನ್‌ರ ‘ದಿ ಕಿಡ್’ (1921) ಅವಧಿ ದಾಟಿದ ಚಿತ್ರ, ಮೂಕಿಯಾದ್ದರಿಂದ ಭಾಷೆಯ ತಂಟೆಯೂ ಇಲ್ಲ. ಪ್ರತಿಗೆ ಈಚೆಗೆ ಹೊಸ ಸಂಗೀತ ಸೇರಿಸಿದ್ದರೆ ಆ ಸಂಗೀತಕ್ಕೆ ಬೇರೆ ಹಕ್ಕು ಇರುತ್ತದೆ. ಅಂಥ ಪ್ರತಿಯನ್ನು ಧ್ವನಿ ಆಫ್ ಮಾಡಿ ಹಾಕಿ, ಊರಿನ ಹಾರ್ಮೋನಿಯಂನವರನ್ನೋ ಚೆಂಡೆಯವರನ್ನೋ ಪಕ್ಕದಲ್ಲಿ ಕೂರಿಸಿ. ಅನುಮತಿಗೆ ಬರೆಯುವುದಿದ್ದರೆ ಫೆಬ್ರವರಿಯಲ್ಲೇ ಬರೆಯಿರಿ, ಉತ್ತರ ಬರಲು ವಾರಗಳು ಹಿಡಿಯುತ್ತವೆ.